ಮುಂಬಯಿ ಕನ್ನಡಿಗರಿಗೆ ವಾರ್ಡು ಮಟ್ಟದ ಧ್ವನಿವಾರ್ತೆ: ಕಟ್ಟುವ ಬಗೆ

2005ರ ಜುಲೈ 26ರಂದು ಸಾಂತಾಕ್ರೂಜ್‌ನ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾದಾಗ, ಅದೇ ನಗರದ ಕೊಲಾಬಾದಲ್ಲಿ ಮಳೆಯ ಪ್ರಮಾಣ 75 ಮಿಲಿಮೀಟರನ್ನೂ ಮುಟ್ಟಿರಲಿಲ್ಲ. ‘ಮುಂಬಯಿಯಲ್ಲಿ ಭಾರಿ ಮಳೆ’ ಎಂಬ ಒಂದು ಸಾಲಿನ ಸುದ್ದಿ ಆ ದಿನ ಕೊಲಾಬಾದವರಿಗೆ ಬೇಕಿರಲಿಲ್ಲ, ಕುರ್ಲಾದವರಿಗೆ ಸಾಲುತ್ತಿರಲಿಲ್ಲ. ನೀರು ಕಡಿತ, ರಸ್ತೆ ಅಗೆತ, ರೈಲು ಹಳಿಯ ದುರಸ್ತಿಗೆಂದು ಓಡಾಟ ತಡೆಯುವ ಭಾನುವಾರದ ಮೆಗಾ ಬ್ಲಾಕ್, ಪಾಲಿಕೆ ಶಾಲೆಯ ಪ್ರವೇಶ, ಇವೆಲ್ಲವೂ ಹೀಗೆ ಗಲ್ಲಿಯಿಂದ ಗಲ್ಲಿಗೆ ಬದಲಾಗುವ ಸಂಗತಿಗಳಾದ್ದರಿಂದ, ನಗರಕ್ಕೆಲ್ಲ ಒಂದೇ ಆಗಿ ಬರುವ ಪತ್ರಿಕೆಯಾಗಲಿ ವಾಹಿನಿಯಾಗಲಿ ಇವುಗಳನ್ನು ಪೂರ್ತಿಯಾಗಿ ಹೇಳಲಾರದು.

ಮುಂಬಯಿ ಕನ್ನಡಿಗರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ. ಪಾಲಿಕೆಯ ಪ್ರಕಟಣೆಗಳು ಮರಾಠಿಯಲ್ಲಿರುತ್ತವೆ, ಇರಬೇಕಾದದ್ದೂ ಹಾಗೆಯೇ. ಆದರೆ ಊರಿನಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿರುವ ಹುಡುಗನಿಗೆ ಬೀದಿಯ ಮರಾಠಿ ತಿಳಿದರೂ ಕಚೇರಿಯ ಮರಾಠಿ ತಿಳಿಯುವುದಿಲ್ಲ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಿಗೋ ಮನೆಯ ಕನ್ನಡ ಕಿವಿಗೆ ಹಿಡಿಸುತ್ತದೆಯೇ ಹೊರತು ಅಕ್ಷರ ಹತ್ತುವುದಿಲ್ಲ. ‘ಕರ್ನಾಟಕ ಮಲ್ಲ’ದಂತಹ ದಿನಪತ್ರಿಕೆ, ಮೈಸೂರು ಅಸೋಸಿಯೇಶನ್ನಿನ ‘ನೇಸರು’ವಿನಂತಹ ಮಾಸಿಕ ಈ ನಗರದಲ್ಲಿ ಕನ್ನಡದ ಬದುಕನ್ನು ಬಹುಕಾಲದಿಂದ ದಾಖಲಿಸುತ್ತ ಬಂದಿವೆ. ಅವುಗಳ ಪಕ್ಕದಲ್ಲಿ ತೆರವಾಗಿರುವ ಜಾಗವೆಂದರೆ ಒಂದು ವಾರ್ಡಿನ ನಾಳೆಯ ಸುದ್ದಿಯನ್ನು ಇಂದು ರಾತ್ರಿ ಕನ್ನಡದಲ್ಲಿ ಕಿವಿಗೆ ಮುಟ್ಟಿಸುವ ಕೆಲಸ. ಅದನ್ನು ನಾಲ್ಕೈದು ಮಂದಿ, ಒಂದು ಫೋನು, ಒಂದು ಲ್ಯಾಪ್‌ಟಾಪು ಇಟ್ಟುಕೊಂಡು ಕಟ್ಟುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ. ಉದಾಹರಣೆಗೆ ಮಾಟುಂಗಾ, ಸಾಯನ್, ವಡಾಲಾ ಪ್ರದೇಶಗಳನ್ನೊಳಗೊಂಡ ಎಫ್ ಉತ್ತರ ವಾರ್ಡನ್ನು ತೆಗೆದುಕೊಂಡಿದ್ದೇನೆ. ಭಾಂಡುಪಿನಲ್ಲೋ ಗೋರೆಗಾಂವಿನಲ್ಲೋ ಇರುವವರು ಸ್ಥಳದ ಹೆಸರುಗಳನ್ನು ಬದಲಿಸಿಕೊಂಡರೆ ಸಾಕು.

ಮೊದಲು ಪ್ರಶ್ನೆಗಳನ್ನು ಕಲೆಹಾಕಿ

ಇಂತಹ ಯೋಜನೆಗಳಲ್ಲಿ ಹೆಚ್ಚಿನವು ಆ್ಯಪ್ ಮಾಡಿಸುವುದರಿಂದ ಶುರುವಾಗಿ ಅಲ್ಲಿಯೇ ನಿಲ್ಲುತ್ತವೆ. ಜನರ ಫೋನಿನಲ್ಲಿ ಹೊಸ ಆ್ಯಪಿಗೆ ಜಾಗವಿಲ್ಲ, ಹಾಕಿಕೊಳ್ಳುವ ಆಸಕ್ತಿಯೂ ಇಲ್ಲ. ಆದ್ದರಿಂದ ಮೊದಲ ಎರಡು ವಾರ ತಂತ್ರಜ್ಞಾನವನ್ನು ಮುಟ್ಟದೆ ಪ್ರಶ್ನೆಗಳನ್ನಷ್ಟೇ ಬರೆದುಕೊಳ್ಳಿ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಹಾ ಶುರುವಾಗುವ ಮುನ್ನ ಹೋಟೆಲಿನ ಹಿಂಬದಿಯಲ್ಲಿ, ಶನಿಪೂಜೆಯ ಪಾರಾಯಣ ಮುಗಿದು ಪ್ರಸಾದ ಹಂಚುವಾಗ, ಯಕ್ಷಗಾನದ ಸಭಾಂಗಣದ ಹೊರಗೆ, ಜನ ತಾವಾಗಿ ಆಡುವ ಮಾತುಗಳನ್ನು ಅವರದೇ ಶಬ್ದಗಳಲ್ಲಿ ಗುರುತು ಹಾಕಿಕೊಳ್ಳಿ. ‘ನಿಮಗೆ ಯಾವ ಸುದ್ದಿ ಬೇಕು’ ಎಂದು ಕೇಳಿದರೆ ‘ಎಲ್ಲಾ ಸುದ್ದಿ’ ಎಂಬ ಉತ್ತರ ಬರುತ್ತದೆ; ‘ಕಳೆದ ವಾರ ಯಾವ ವಿಷಯ ಮೊದಲೇ ಗೊತ್ತಿದ್ದರೆ ಒಳ್ಳೆಯದಿತ್ತು’ ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ. ಬುಧವಾರ ನೀರು ಬರುವುದಿಲ್ಲವೆಂದು ಹಿಂದಿನ ರಾತ್ರಿ ತಿಳಿದಿದ್ದರೆ ಇಡ್ಲಿ ಅಕ್ಕಿಯನ್ನು ಮುಂಚೆಯೇ ನೆನೆಹಾಕಬಹುದಿತ್ತು ಎನ್ನುವವರು ಒಬ್ಬರಾದರೆ, ಹಾರ್ಬರ್ ಮಾರ್ಗದ ಬ್ಲಾಕ್ ಗೊತ್ತಿಲ್ಲದೆ ಕುರ್ಲಾ ಟರ್ಮಿನಸ್ಸಿಗೆ ತಡವಾಗಿ ತಲುಪಿ ಊರಿನ ಗಾಡಿ ತಪ್ಪಿತು ಎನ್ನುವವರು ಇನ್ನೊಬ್ಬರು. ಹೀಗೆ ಬಂದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವ ಮೂರನ್ನು ಮಾತ್ರ ಆರಿಸಿಕೊಳ್ಳಿ. ನಾಲ್ಕನೆಯದು ಆರು ತಿಂಗಳ ನಂತರ ಸೇರಲಿ.

ಧ್ವನಿ ಬರುವ ದಾರಿ, ಹೋಗುವ ದಾರಿ

ಧ್ವನಿಯ ಮೂಲಕ ಸುದ್ದಿ ನಡೆಸಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಗಟ್ಟಿಯಾದ ಮಾದರಿಯಿದೆ. 2010ರಲ್ಲಿ ಛತ್ತೀಸಗಢದಲ್ಲಿ ಪತ್ರಕರ್ತ ಶುಭ್ರಾಂಶು ಚೌಧರಿ ಅವರು ಆರಂಭಿಸಿದ ಸಿಜಿನೆಟ್ ಸ್ವರದಲ್ಲಿ ಆದಿವಾಸಿ ಹಳ್ಳಿಗರು ಒಂದು ಸಂಖ್ಯೆಗೆ ಮಿಸ್ಡ್ ಕಾಲ್ ಕೊಡುತ್ತಾರೆ, ಕಂಪ್ಯೂಟರು ತಿರುಗಿ ಕರೆ ಮಾಡುತ್ತದೆ, ಒಂದು ಗುಂಡಿ ಒತ್ತಿದರೆ ತಮ್ಮ ಮಾತನ್ನು ದಾಖಲಿಸಬಹುದು, ಇನ್ನೊಂದನ್ನು ಒತ್ತಿದರೆ ಇತರರದನ್ನು ಕೇಳಬಹುದು. ದಾಖಲಾದ ಮಾತನ್ನು ಸಂಪಾದಕರು ಪರಿಶೀಲಿಸಿದ ಮೇಲೆಯೇ ಅದು ಹೊರಗೆ ಹೋಗುತ್ತದೆ. ಸ್ಮಾರ್ಟ್‌ಫೋನಾಗಲಿ ಅಕ್ಷರವಾಗಲಿ ಇದಕ್ಕೆ ಬೇಕಿಲ್ಲ. ಸಮುದಾಯ ರೇಡಿಯೊ ಇದಕ್ಕಿಂತ ಸುಲಭವಲ್ಲವೇ ಎಂದು ಕೇಳುವವರಿದ್ದಾರೆ. ಸಮುದಾಯ ರೇಡಿಯೊ ನೀತಿಯಡಿ ಕೇಂದ್ರಗಳು ಆಕಾಶವಾಣಿಯ ಸುದ್ದಿಯನ್ನು ಮರುಪ್ರಸಾರ ಮಾಡಬಹುದೇ ಹೊರತು ತಮ್ಮದೇ ಸುದ್ದಿಯನ್ನು ಬಿತ್ತರಿಸುವಂತಿಲ್ಲ. ಪರವಾನಗಿಯ ದಾರಿಯೂ ಉದ್ದ. ಹಾಗಾಗಿ ನಮ್ಮ ಕೆಲಸಕ್ಕೆ ಫೋನೇ ಸರಿ.

ಮುಂಬಯಿಯಲ್ಲಿ ಬಹುಪಾಲು ಜನರ ಬಳಿ ವಾಟ್ಸಾಪ್ ಇರುವುದರಿಂದ ಅದರಿಂದಲೇ ಆರಂಭಿಸಬಹುದು. ಆದರೆ ಅದರ ಮೂರು ದಾರಿಗಳ ವ್ಯತ್ಯಾಸವನ್ನು ಮೊದಲೇ ತಿಳಿದಿರಬೇಕು. ಗುಂಪಿನಲ್ಲಿ ಎಲ್ಲರ ಫೋನ್ ಸಂಖ್ಯೆ ಎಲ್ಲರಿಗೂ ಕಾಣುತ್ತದೆ, ಮತ್ತು ಎರಡೇ ದಿನದಲ್ಲಿ ಶುಭೋದಯದ ಚಿತ್ರಗಳ ನಡುವೆ ನೀರಿನ ಸುದ್ದಿ ಮುಳುಗಿಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಮಂದಿಯ ಮಿತಿಯಿದೆ, ಅದರಲ್ಲೂ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. 2023ರಲ್ಲಿ ಭಾರತಕ್ಕೆ ಬಂದ ಚಾನೆಲ್‌ನಲ್ಲಿ ಈ ಮಿತಿಯಿಲ್ಲ, ಕೇಳುಗರ ಸಂಖ್ಯೆ ಇತರ ಕೇಳುಗರಿಗೆ ಕಾಣುವುದಿಲ್ಲ, ಆದರೆ ಅಲ್ಲಿ ಅವರು ಉತ್ತರಿಸಲಾರರು. ಆದ್ದರಿಂದ ಹೊರಗೆ ಹೋಗುವ ವಾರ್ತೆಗೆ ಚಾನೆಲ್, ಒಳಗೆ ಬರುವ ಮಾತಿಗೆ ಪ್ರತ್ಯೇಕವಾದ ಒಂದು ಸಂಖ್ಯೆ, ಈ ಜೋಡಣೆಯೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕೇಳುಗರು ಹೆಚ್ಚಿದ ಮೇಲೆ, ಸಾದಾ ಫೋನಿನ ಹಿರಿಯರಿಗಾಗಿ, ಇಂಟರ್ನೆಟ್ ಮೂಲಕ ಫೋನ್ ಕರೆಗಳನ್ನು ನಿರ್ವಹಿಸುವ ಕ್ಲೌಡ್ ಟೆಲಿಫೋನಿ ಕಂಪನಿಯಿಂದ ತಿಂಗಳ ಬಾಡಿಗೆಗೆ ಒಂದು ಮಿಸ್ಡ್ ಕಾಲ್ ಸಂಖ್ಯೆ ತೆಗೆದುಕೊಂಡು ಅದೇ ಧ್ವನಿಯನ್ನು ಅದರಲ್ಲಿಯೂ ಹಾಕಬಹುದು.

ವಾರ್ತೆ ಮೂರು ನಿಮಿಷ ಮೀರಬಾರದು. ಸೆಕೆಂಡಿಗೆ 16 ಕಿಲೋಬಿಟ್ ಗುಣಮಟ್ಟದಲ್ಲಿ ಉಳಿಸಿದರೆ ಮೂರು ನಿಮಿಷದ ಧ್ವನಿಕಡತ ಸುಮಾರು 360 ಕಿಲೋಬೈಟ್ ಆಗುತ್ತದೆ, ಲೋಕಲ್ ರೈಲಿನ ಸಡಿಲ ಸಿಗ್ನಲ್ಲಿನಲ್ಲಿಯೂ ಇಳಿಯುತ್ತದೆ. ರಾತ್ರಿ ಹತ್ತೂವರೆಯ ಹೊತ್ತಿಗೆ ಹಾಕಿ. ಹೋಟೆಲಿನ ಶಟರ್ ಎಳೆದು ಮಲಗುವ ಮುನ್ನ ಕೇಳಿದರೆ ಮರುದಿನದ ಏರ್ಪಾಟಿಗೆ ಸಮಯ ಉಳಿದಿರುತ್ತದೆ. ಪ್ರತಿದಿನ ಒಬ್ಬರದೇ ದನಿ ಇರಲಿ, ಅಥವಾ ಗೊತ್ತಾದ ಇಬ್ಬರದು. ಕಂಪ್ಯೂಟರಿನ ಕೃತಕ ಕನ್ನಡ ದನಿ ಈಗ ಸುಲಭವಾಗಿ ಸಿಗುತ್ತದಾದರೂ ಅದನ್ನು ಬಳಸಬೇಡಿ. ಪಕ್ಕದ ಬೀದಿಯ ಪರಿಚಿತ ದನಿ ಹೇಳಿದ ಎಚ್ಚರಿಕೆಯನ್ನು ಜನ ಪಾಲಿಸುವಷ್ಟು ಯಂತ್ರ ಹೇಳಿದ್ದನ್ನು ಪಾಲಿಸುವುದಿಲ್ಲ.

ಸಂಪಾದಕರ ಮೇಜು

ಕೆಲಸದ ಬಹುಭಾಗ ಇಲ್ಲಿಯೇ ಇರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಳೆಗಾಲದ ಒಂದು ಬೆಳಿಗ್ಗೆ ನಿಮ್ಮ ಸಂಖ್ಯೆಗೆ ಇಂತಹದೊಂದು ಧ್ವನಿಸಂದೇಶ ಬಂದಿತೆಂದು ಇಟ್ಟುಕೊಳ್ಳಿ: ‘ಅಣ್ಣಾ, ಕಿಂಗ್ಸ್ ಸರ್ಕಲ್ ಹತ್ರ ಫುಲ್ ನೀರು, ಮೊಣಕಾಲಿನ ತನಕ ಉಂಟು, ಬಸ್ಸು ಎಲ್ಲ ನಿಂತಿದೆ, ಎಲ್ರಿಗೂ ಹೇಳಿ.’ ಇದನ್ನು ಹಾಗೆಯೇ ದಾಟಿಸಿದರೆ ಅದು ಸುದ್ದಿಯಲ್ಲ. ಕಳಿಸಿದವರಿಗೆ ಕೂಡಲೇ ಕರೆ ಮಾಡಿ ನಾಲ್ಕು ಮಾತು ಕೇಳಬೇಕು: ನೀವು ಈಗ ನಿಂತಿರುವುದು ಎಲ್ಲಿ, ನೀರನ್ನು ನೀವೇ ನೋಡುತ್ತಿದ್ದೀರೋ ಇಲ್ಲ ಯಾರೋ ಹೇಳಿದ್ದೋ, ನೋಡಿದಾಗ ಗಂಟೆ ಎಷ್ಟು, ನಿಂತ ಬಸ್ಸು ಯಾವ ದಿಕ್ಕಿನದು. ಆಮೇಲೆ ಅದೇ ಪರಿಸರದ ಇನ್ನೊಬ್ಬರಿಗೆ, ಅಂಗಡಿಯ ಗಲ್ಲೆಯಲ್ಲಿ ಕುಳಿತು ರಸ್ತೆ ಕಾಣುವವರಿಗೆ, ಕರೆ ಮಾಡಬೇಕು. ಇಬ್ಬರ ಮಾತು ಕೂಡಿದ ಮೇಲೆ ಸುದ್ದಿ ಹೀಗೆ ಹೋಗುತ್ತದೆ: ‘ಬೆಳಿಗ್ಗೆ 9.40. ಕಿಂಗ್ಸ್ ಸರ್ಕಲಿನ ಗಾಂಧಿ ಮಾರ್ಕೆಟ್ ಎದುರಿನ ರಸ್ತೆಯಲ್ಲಿ ಮೊಣಕಾಲು ಮಟ್ಟದ ನೀರಿದೆ. ಸ್ಥಳದಲ್ಲಿರುವ ಇಬ್ಬರು ನೋಡಿ ಹೇಳಿದ್ದು. ಸಾಯನ್ ಕಡೆಗೆ ಹೋಗುವ ಬಸ್ಸುಗಳು ನಿಂತಿವೆ. ದಾದರ್ ಕಡೆಯದು ನಮಗೆ ತಿಳಿದಿಲ್ಲ. ಮುಂದಿನ ಮಾಹಿತಿ 10.30ಕ್ಕೆ.’ ಗಂಟೆ, ಸ್ಥಳ, ಕಂಡವರು ಎಷ್ಟು ಮಂದಿ, ತಿಳಿಯದ್ದು ಏನು, ಮುಂದಿನ ಮಾಹಿತಿ ಯಾವಾಗ, ಈ ಐದರಲ್ಲಿ ಯಾವುದೊಂದು ಇಲ್ಲದಿದ್ದರೂ ಆ ಸುದ್ದಿಯನ್ನು ಹೊರಗೆ ಬಿಡಬಾರದು.

ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಿಂದಿನ ವರ್ಷಗಳ ನೆರೆಯ ಚಿತ್ರಗಳು ಪ್ರತಿ ಜುಲೈಯಲ್ಲಿ ಹೊಸದಾಗಿ ಸುತ್ತಾಡುತ್ತವೆ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರದಿಂದ, ತೆಗೆದ ಸಮಯ ಮತ್ತು ಸ್ಥಳದ ಒಳಗುರುತುಗಳು ಅಳಿಸಿಹೋಗುತ್ತವೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ನಿಮ್ಮ ನೆಚ್ಚಿನ ಹತ್ತು ಹದಿನೈದು ವರದಿಗಾರರಿಗೆ ಇದನ್ನು ಕಲಿಸಿಕೊಟ್ಟರೆ ಅರ್ಧ ತಲೆನೋವು ಕಳೆಯುತ್ತದೆ. ಉಳಿದವರ ಚಿತ್ರಕ್ಕೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಾಟ ನಡೆಸಿ, ಅಂಗಡಿಯ ಫಲಕ, ಮೇಲ್ಸೇತುವೆಯ ಬಣ್ಣ, ಬಸ್ಸಿನ ಸಂಖ್ಯೆಗಳನ್ನು ಸ್ಥಳ ಬಲ್ಲವರಿಂದ ತಾಳೆ ನೋಡಿಸಿ.

ಮಳೆಯ ಮುನ್ಸೂಚನೆಯಲ್ಲಿಯೂ ಅಳತೆಯ ಮಾತು ಮುಖ್ಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಭಾರಿ, 204.4ರವರೆಗೆ ಅತಿ ಭಾರಿ, ಅದಕ್ಕೂ ಮೇಲೆ ಅತ್ಯಧಿಕ ಮಳೆ. ಆದರೆ ಮುಂಬಯಿಯಲ್ಲಿ ನೀರು ನಿಲ್ಲುವುದು ಮಳೆಯೊಂದರಿಂದಲೇ ಅಲ್ಲ. ಮಳೆನೀರು ಸಮುದ್ರಕ್ಕೆ ಬೀಳುವ ಹಲವು ಬಾಯಿಗಳು ಉಬ್ಬರದ ಮಟ್ಟಕ್ಕಿಂತ ಕೆಳಗಿರುವುದರಿಂದ, ದೊಡ್ಡ ಉಬ್ಬರದ ಹೊತ್ತಿನಲ್ಲಿ ಜೋರು ಮಳೆ ಬಂದರೆ ನೀರಿಗೆ ಹೊರಹೋಗಲು ದಾರಿಯಿರುವುದಿಲ್ಲ. ಮಳೆಗಾಲದಲ್ಲಿ 4.5 ಮೀಟರಿಗಿಂತ ಎತ್ತರದ ಉಬ್ಬರ ಯಾವ ದಿನ, ಎಷ್ಟು ಗಂಟೆಗೆ ಎಂಬ ಪಟ್ಟಿಯನ್ನು ಪಾಲಿಕೆ ಮೊದಲೇ ಪ್ರಕಟಿಸುತ್ತದೆ. ಆ ಪಟ್ಟಿಯನ್ನು ಜೂನ್ ಬರುವ ಮೊದಲೇ ನಿಮ್ಮ ಕೋಷ್ಟಕದಲ್ಲಿ ತುಂಬಿಕೊಂಡು, ಇಲಾಖೆಯ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಆ ದಿನಕ್ಕೇ ಬಂದಾಗ ಎರಡನ್ನೂ ಕೂಡಿಸಿ ಹೇಳಿದರೆ, ಅದು ಕೇಳುಗರು ಬೇರೆಲ್ಲಿಯೂ ಕನ್ನಡದಲ್ಲಿ ಪಡೆಯದ ಮಾಹಿತಿಯಾಗುತ್ತದೆ.

ದೂರು ಯಾರ ಬಾಗಿಲಿಗೆ

ಸ್ವಲ್ಪ ದಿನಗಳಲ್ಲಿಯೇ ಜನ ಸುದ್ದಿಯ ಜೊತೆಗೆ ದೂರುಗಳನ್ನೂ ಕಳಿಸತೊಡಗುತ್ತಾರೆ. ಇಲ್ಲಿ ಬ್ರಿಟನ್ನಿನ ಮೈಸೊಸೈಟಿ ಸಂಸ್ಥೆ 2007ರಲ್ಲಿ ರೂಪಿಸಿದ ಫಿಕ್ಸ್‌ಮೈಸ್ಟ್ರೀಟ್‌ನಿಂದ ಕಲಿಯಬೇಕಾದದ್ದಿದೆ. ರಸ್ತೆಗುಂಡಿ ಕಂಡವರು ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು, ಅದು ಯಾವ ಆಡಳಿತದ ವ್ಯಾಪ್ತಿಗೆ ಸೇರಿದ್ದೆಂದು ಕಂಪ್ಯೂಟರೇ ಕಂಡುಹಿಡಿದು ಅಲ್ಲಿಗೆ ಕಳಿಸುತ್ತದೆ. ಮುಂಬಯಿಯಲ್ಲಿ ಈ ಹಂಚಿಕೆಯೇ ನಾಗರಿಕರನ್ನು ದಣಿಸುವುದು. ಒಂದೇ ರಸ್ತೆಯ ಒಂದು ತುದಿ ಪಾಲಿಕೆಯದು, ಸೇತುವೆಯ ಮೇಲಿನ ಭಾಗ ರೈಲ್ವೆಯದು, ಪಕ್ಕದ ಕಟ್ಟಡಗಳು ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರವಾದ ಮ್ಹಾಡಾದವು, ಮೆಟ್ರೊ ಕಾಮಗಾರಿಯ ತಗಡಿನ ಬೇಲಿಯೊಳಗಿನದು ಮತ್ತೊಬ್ಬರದು, ವಡಾಲಾದ ಪೂರ್ವಕ್ಕೆ ಹೋದರೆ ಬಂದರು ಪ್ರಾಧಿಕಾರದ್ದು. ಹೊಣೆ ಕೈ ಬದಲಾಗುವುದೂ ಉಂಟು. ಪಶ್ಚಿಮ ಮತ್ತು ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಗಳ ನಿರ್ವಹಣೆ 2022ರಲ್ಲಿ ಮಹಾನಗರ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಯಿಂದ ಪಾಲಿಕೆಗೆ ಬಂದಿತು.

ನಾವು ಫಿಕ್ಸ್‌ಮೈಸ್ಟ್ರೀಟ್‌ನಷ್ಟು ದೊಡ್ಡದನ್ನು ಕಟ್ಟಬೇಕಿಲ್ಲ. ವಾರ್ಡಿನ ಪ್ರತಿ ಮುಖ್ಯ ರಸ್ತೆ, ಸಬ್‌ವೇ, ನಾಲೆ, ಶೌಚಾಲಯಗಳನ್ನು ಒಂದು ಕೋಷ್ಟಕದಲ್ಲಿ ಬರೆದು, ಎದುರಿಗೆ ಅದರ ಹೊಣೆಗಾರ ಕಚೇರಿ, ದೂರು ಸಂಖ್ಯೆ, ಕೊನೆಯ ಬಾರಿ ಖಚಿತಪಡಿಸಿದ ದಿನಾಂಕ ತುಂಬಿ. ಪಾಲಿಕೆಯ 1916 ಸಂಖ್ಯೆಗೆ ದೂರು ಕೊಟ್ಟಾಗ ಸಿಗುವ ನೋಂದಣಿ ಸಂಖ್ಯೆಯನ್ನು ತಪ್ಪದೆ ದಾಖಲಿಸಿ. ಆ ಸಂಖ್ಯೆಯಿಲ್ಲದ ದೂರು ಮುಂದೆ ಯಾವ ಮೇಜಿನ ಮೇಲೂ ನಿಲ್ಲುವುದಿಲ್ಲ. ಸ್ಥಳದ ದಾಖಲೆಗೆ ಕೊಬೊಟೂಲ್‌ಬಾಕ್ಸ್ ಎಂಬ ಉಚಿತ ಸಲಕರಣೆ ಸಾಕು. ಪ್ರಶ್ನೆಗಳನ್ನು ಕನ್ನಡದಲ್ಲಿಯೇ ಬರೆಯಬಹುದು, ಇಂಟರ್ನೆಟ್ ಇಲ್ಲದೆಡೆ ತುಂಬಿ ಆಮೇಲೆ ಕಳಿಸಬಹುದು, ಅಕ್ಷಾಂಶ ರೇಖಾಂಶವನ್ನು ಅದೇ ಹಿಡಿಯುತ್ತದೆ. ಬಂದ ಚುಕ್ಕೆಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯ ಮೇಲೆ ಹರಡಿದರೆ ಯಾವ ತಿರುವಿನಲ್ಲಿ ದೂರು ಮರುಕಳಿಸುತ್ತಿದೆ ಎಂಬುದು ಕಣ್ಣಿಗೆ ಕಟ್ಟುತ್ತದೆ. 2007ರ ಡಿಸೆಂಬರಿನ ಚುನಾವಣೆಯ ನಂತರ ಕೀನ್ಯಾದಲ್ಲಿ ಹಿಂಸೆ ಹಬ್ಬಿದಾಗ ಅಲ್ಲಿನ ತರುಣರು ಉಶಾಹಿದಿ ಎಂಬ ಜಾಲತಾಣದಲ್ಲಿ ಜನರ ವರದಿಗಳನ್ನು ನಕ್ಷೆಯ ಮೇಲೆ ತಂದದ್ದೂ ಇದೇ ವಿಧಾನದಿಂದ. ನಕ್ಷೆಯಲ್ಲಿ ದೂರುದಾರರ ಹೆಸರಾಗಲಿ ಮನೆಯ ಚುಕ್ಕೆಯಾಗಲಿ ಕಾಣದಂತೆ ನೋಡಿಕೊಳ್ಳಿ.

ಉತ್ತರ ಬಾರದ ದೂರಿಗೆ ಮುಂದಿನ ಹೆಜ್ಜೆ 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿ ಮರಾಠಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದಗಳ ಮಿತಿ. ‘ನಾಲೆಯನ್ನು ಏಕೆ ಸ್ವಚ್ಛಗೊಳಿಸಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ, ಏಕೆಂದರೆ ಕಾಯ್ದೆ ಕೊಡಿಸುವುದು ದಾಖಲೆಯನ್ನು, ಕಾರಣವನ್ನಲ್ಲ. ‘ಇಂತಹ ನಾಲೆಯಿಂದ ಏಪ್ರಿಲ್ 1ರಿಂದ ಮೇ 31ರವರೆಗೆ ಹೂಳು ಸಾಗಿಸಿದ ಲಾರಿಗಳ ತೂಕದ ಚೀಟಿಗಳ ಪ್ರತಿ ಮತ್ತು ಕಾರ್ಯಾದೇಶದ ಪ್ರತಿ ಕೊಡಿ’ ಎಂದು ಕೇಳಿದರೆ ಸಿಗುವ ಕಾಗದ ತಾನೇ ಮಾತಾಡುತ್ತದೆ. ಗಡುವು ಮೀರಿದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಈ ದಿನಾಂಕಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಡುವ ಒಬ್ಬರು ತಂಡದಲ್ಲಿ ಇರಲೇಬೇಕು. ತಾಳ್ಮೆಯ ನಿವೃತ್ತ ಗುಮಾಸ್ತರೊಬ್ಬರು ಸಿಕ್ಕರೆ ಅವರಿಗಿಂತ ತಕ್ಕವರಿಲ್ಲ.

ಯಂತ್ರಕ್ಕೆ ಒಪ್ಪಿಸಬಹುದಾದದ್ದು

ಮರಾಠಿ ಪ್ರಕಟಣೆಯ ಚಿತ್ರದಿಂದ ಅಕ್ಷರ ತೆಗೆಯುವುದು, ಅದರ ಕನ್ನಡ ಕರಡು ಮಾಡುವುದು, ಬಂದ ಧ್ವನಿಸಂದೇಶವನ್ನು ಬರಹಕ್ಕಿಳಿಸುವುದು, ಈ ಮೂರನ್ನು ಇಂದಿನ ಸಲಕರಣೆಗಳು ಸಾಕಷ್ಟು ಚೆನ್ನಾಗಿ ಮಾಡುತ್ತವೆ. ಭಾರತೀಯ ಭಾಷೆಗಳಿಗಾಗಿ ಇಂತಹ ಸಲಕರಣೆ ಕಟ್ಟುವ ಐಐಟಿ ಮದ್ರಾಸಿನ ಎಐ4ಭಾರತ್ ಮತ್ತು ಕೇಂದ್ರ ಸರ್ಕಾರದ ಭಾಷಿಣಿ ಎರಡರಲ್ಲಿಯೂ ಕನ್ನಡವಿದೆ, ಮರಾಠಿಯೂ ಇದೆ. ಆದರೆ ತುಳು ಬೆರೆತ, ನಡುನಡುವೆ ಬಂಬಯಿ ಹಿಂದಿ ನುಗ್ಗುವ ನಮ್ಮ ಮಾತು ಯಂತ್ರಕ್ಕೆ ಇನ್ನೂ ಸರಿಯಾಗಿ ದಕ್ಕಿಲ್ಲ. ನೀರಿನ ಪ್ರಕಟಣೆಯಲ್ಲಿ ಕೆಲವು ಬೀದಿಗಳಿಗೆ ಪೂರೈಕೆ ಪೂರ್ತಿ ನಿಂತಿರುತ್ತದೆ, ಕೆಲವಕ್ಕೆ ಕಡಿಮೆ ಒತ್ತಡದಲ್ಲಿ ಬರುತ್ತದೆ. ಈ ಎರಡು ಪಟ್ಟಿಗಳು ಕರಡಿನಲ್ಲಿ ಕಲಸಿಹೋದರೆ ಚಾಳಿನ ಮನೆಗಳಲ್ಲಿ ಡ್ರಮ್ಮು ತುಂಬದೆ ಉಳಿಯುತ್ತದೆ. ಆದ್ದರಿಂದ ದಿನಾಂಕ, ಗಂಟೆ, ಬೀದಿಯ ಹೆಸರುಗಳನ್ನು ಮೂಲದ ಪಕ್ಕದಲ್ಲಿಟ್ಟು ಮರಾಠಿ ಬಲ್ಲವರೊಬ್ಬರು ಗಟ್ಟಿಯಾಗಿ ಓದಿ ಒಪ್ಪಬೇಕು. ಬರಹವೆಲ್ಲ ಯೂನಿಕೋಡಿನಲ್ಲಿಯೇ ಇರಲಿ. ಯೂನಿಕೋಡಿಗೆ ಮುಂಚಿನ ಹಳೆಯ ‘ನುಡಿ’ ಫಾಂಟಿನಲ್ಲಿ ಉಳಿದದ್ದನ್ನು ಹುಡುಕಲಾಗುವುದಿಲ್ಲ, ಹುಡುಕಲಾಗದ ಕಡತ ಮುಂದಿನ ಮಳೆಗಾಲಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಹೊಣೆ, ಹಣ, ಕಡತ

ನಿಯಮಿತವಾಗಿ ಅಂತರ್ಜಾಲದಲ್ಲಿ ಸುದ್ದಿ ಪ್ರಕಟಿಸುವವರಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಅನ್ವಯಿಸುತ್ತವೆ. ಕುಂದುಕೊರತೆ ಕೇಳುವ ಒಬ್ಬರ ಹೆಸರನ್ನು ಪ್ರಕಟಿಸಿ, ಬಂದ ಆಕ್ಷೇಪಕ್ಕೆ 15 ದಿನಗಳೊಳಗೆ ಉತ್ತರಿಸುವ ಪದ್ಧತಿಯನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ಧ್ವನಿ ಕಳಿಸಿದವರ ಒಪ್ಪಿಗೆಯಿಲ್ಲದೆ ಅವರ ದನಿಯನ್ನು ಪ್ರಸಾರ ಮಾಡಬೇಡಿ. ಮಾಲೀಕರ ವಿರುದ್ಧ ಕೆಲಸಗಾರರು ಹೇಳಿದ ಮಾತಾದರೆ ಒಪ್ಪಿಗೆಯಿದ್ದರೂ ದನಿ ಬೇಡ, ವಿಷಯವನ್ನು ನೀವೇ ಪರಿಶೀಲಿಸಿ ನಿಮ್ಮ ದನಿಯಲ್ಲಿ ಹೇಳಿ. ಅವರ ಕೆಲಸ ಮತ್ತು ತಲೆಯ ಮೇಲಿನ ಸೂರು ಎರಡೂ ಒಂದೇ ಕಡೆ ಇರುವುದನ್ನು ಮರೆಯಬಾರದು.

ಖರ್ಚು ದೊಡ್ಡದಲ್ಲ: ಒಂದು ಸಿಮ್, ಒಂದು ಸಾಧಾರಣ ಮೈಕು, ಮಿಸ್ಡ್ ಕಾಲ್ ಸಂಖ್ಯೆಯ ಬಾಡಿಗೆ, ಅರ್ಜಿಗಳ ಶುಲ್ಕ. ಇದನ್ನು ಒಬ್ಬರೇ ದಾನಿಯಿಂದ ಪಡೆಯುವುದಕ್ಕಿಂತ ಕೇಳುಗರಿಂದಲೇ ವರ್ಷಕ್ಕೊಮ್ಮೆ ಸಣ್ಣ ಮೊತ್ತವಾಗಿ ಎತ್ತುವುದು ಮೇಲು. ವಾರ್ಡಿನ ಚುನಾವಣೆಗೆ ನಿಲ್ಲುವ ಆಸೆಯಿರುವವರ ಹಣವನ್ನಂತೂ ತೆಗೆದುಕೊಳ್ಳಲೇಬಾರದು. ಅಮೆರಿಕದಲ್ಲಿ ಬಡಾವಣೆ ಮಟ್ಟದ ಸುದ್ದಿಗಾಗಿ 2008ರಲ್ಲಿ ನೈಟ್ ಫೌಂಡೇಶನ್ನಿನ ನೆರವಿನಿಂದ ಆರಂಭವಾದ ಎವ್ರಿಬ್ಲಾಕ್ ಬಹಳ ಮೆಚ್ಚುಗೆ ಪಡೆದಿತ್ತು. ಮರುವರ್ಷ ದೊಡ್ಡ ಮಾಧ್ಯಮ ಕಂಪನಿ ಅದನ್ನು ಕೊಂಡಿತು, 2013ರಲ್ಲಿ ಮುಚ್ಚಿತು, ಬಡಾವಣೆಗಳು ಅದರೊಳಗೆ ಕಟ್ಟಿಕೊಂಡಿದ್ದ ಚರ್ಚೆಗಳು ಆ ದಿನವೇ ಜನರ ಕೈಗೆಟುಕದಾದವು. ನಮ್ಮಲ್ಲಿ ಹಾಗಾಗದಿರಲು ಸಿಮ್ಮು, ಚಾನೆಲ್ಲು, ಕೋಷ್ಟಕಗಳೆಲ್ಲ ಒಬ್ಬ ವ್ಯಕ್ತಿಯ ಹೆಸರಿನಲ್ಲಿರದೆ ನೋಂದಾಯಿತ ಕನ್ನಡ ಸಂಘವೊಂದರ ಹೆಸರಿನಲ್ಲಿರಲಿ, ಪಾಸ್‌ವರ್ಡು ಕನಿಷ್ಠ ಇಬ್ಬರಿಗೆ ತಿಳಿದಿರಲಿ. ತಿಂಗಳ ಕೊನೆಯ ಭಾನುವಾರ ಎಲ್ಲ ಧ್ವನಿಕಡತಗಳನ್ನೂ ದೂರುಗಳ ಕೋಷ್ಟಕವನ್ನೂ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ವಾರ್ಡು ಇದೇ ಕ್ರಮದಲ್ಲಿ ಬರೆದು, ಸಂಘದ ಗ್ರಂಥಾಲಯದ ಕಪಾಟಿನಲ್ಲಿಡಿ.